ಕಣ್ಣು ಬಿಡಿಸುವ ಪೆನ್ನು

ಮೂಡಿಗೆರೆಯಲ್ಲಿ ಅಪ್ಪ ನಡೆಸುತ್ತಿದ್ದ ಫೋಟೋ ಸ್ಟುಡಿಯೋ ಆಮೇಲೆ ನನ್ನ ಕೈಗೆ ಬಂತು. ಮದುವೆ, ನಾಮಕರಣ, ಪಾಸ್‌ಪೋರ್ಟ್ ಸೈಜು, ಇವು ಎಲ್ಲ ಸ್ಟುಡಿಯೋಗಳಲ್ಲೂ ಇರುವಂಥವೇ. ನಮಗೆ ಹೆಸರು ತಂದದ್ದು ಬೇರೆ ಕೆಲಸ: ಸತ್ತವರ ಕಣ್ಣು ಬಿಡಿಸುವುದು. ನಮ್ಮ ಕಡೆಯ ಎಷ್ಟೋ ಹಿರಿಯರು ಬದುಕಿದ್ದಾಗ ಒಂದು ಫೋಟೋ ತೆಗೆಸಿಕೊಂಡವರಲ್ಲ. 'ಈ ಮುಖಕ್ಕೆ ಅದೊಂದು ಕೇಡು' ಎನ್ನುತ್ತಲೇ ಹೋಗಿಬಿಡುತ್ತಿದ್ದರು. ಹೋದ ಮೇಲೆ ಮನೆಯವರಿಗೆ ನೆನಪಾಗಿ, ಹೆಣವನ್ನು ಜಗಲಿಯ ಕುರ್ಚಿಯಲ್ಲಿ ಕೂರಿಸಿ ನಮಗೆ ಜೀಪು ಕಳಿಸುತ್ತಿದ್ದರು. ತಿಥಿಯ ದಿನ ಹಾರ ಹಾಕಲು ಫೋಟೋ ಬೇಕು, ಅದರಲ್ಲಿ ಕಣ್ಣು ತೆರೆದಿರಬೇಕು. ಮುಚ್ಚಿದ ಕಣ್ಣಿಗೆ ಕೈ ಮುಗಿಯಲು ಯಾರಿಗೂ ಮನಸ್ಸಿರಲಿಲ್ಲ.

ಅಪ್ಪ ಆ ಕೆಲಸವನ್ನು ನೆಗೆಟಿವ್ ಮೇಲೆ ಚೂಪು ಪೆನ್ಸಿಲ್ಲಿನಿಂದ, ಪ್ರಿಂಟಿನ ಮೇಲೆ ಸಣ್ಣ ಬ್ರಶ್ಶಿನಿಂದ ಮಾಡುತ್ತಿದ್ದರು. ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಬಲಗೈ ನಡುಗತೊಡಗಿ ಅವರು ಪೆನ್ಸಿಲ್ ಕೆಳಗಿಟ್ಟರು. ಕುಡಿತ ಜಾಸ್ತಿಯಾಗಿದೆ ಎಂದು ಪೇಟೆಯವರು ಆಡಿಕೊಂಡರು. ಕಾಫಿ ಬಿಟ್ಟು ಬೇರೇನೂ ಕುಡಿಯದ ಮನುಷ್ಯನಿಗೆ ಆ ಮಾತು ಬಂತಲ್ಲ ಎಂದು ಇವತ್ತಿಗೂ ನನಗೆ ಮೈ ಉರಿಯುತ್ತದೆ. ಚಿಕ್ಕಮಗಳೂರಿನ ಡಾಕ್ಟರು ಮಾತ್ರೆ ಬರೆಯುತ್ತಾ, "ಮನೇಲಿ ಬೇರೆ ಯಾರಿಗಾದ್ರೂ ಹೀಗೆ ಇದೆಯಾ?" ಎಂದು ಕೇಳಿದರು. ಅಪ್ಪ ಇಲ್ಲ ಎಂದರು. ಪಕ್ಕದಲ್ಲಿ ಕೂತಿದ್ದ ನಾನು ಮಡಿಲಲ್ಲಿದ್ದ ನನ್ನ ಕೈ ನೋಡಿಕೊಂಡೆ. ಅವತ್ತು ಅದು ತೆಪ್ಪಗಿತ್ತು.

ಆಮೇಲೆ ಕಂಪ್ಯೂಟರ್ ಬಂತು. ನಾನು ಮೌಸಿನಿಂದ ಕಣ್ಣು ಬಿಡಿಸಲು ಕಲಿತೆ. ಮೌಸಿನಲ್ಲಿ ಗೆರೆ ಎಳೆಯುವುದೆಂದರೆ ಕಾಲಲ್ಲಿ ರಂಗೋಲಿ ಹಾಕಿದ ಹಾಗೆ. ಆದರೂ ಅದರಿಂದ ಒಂದು ಉಪಕಾರವಿತ್ತು, ಗೆರೆ ಸೊಟ್ಟಗಾದರೆ ಬೈಯಲು ಮೌಸಿತ್ತು. ಅಷ್ಟರಲ್ಲಿ ನಾನು ನೆಂಟರಿಗೆ ಕಾಫಿ ಕೊಡುವಾಗ ಸಾಸರಿನ ಮೇಲೆ ಕಪ್ ಕಟಕಟ ಎನ್ನತೊಡಗಿತ್ತು. ನಿದ್ದೆ ಸಾಲದು ಅಂದುಕೊಂಡೆ. ಸಾಸರು ಬಿಟ್ಟು ಲೋಟದಲ್ಲಿ ಕೊಡಲು ಶುರುಮಾಡಿದೆ.

ಒಂದು ಸಲ ಗೋಣಿಬೀಡಿನ ಕಡೆಯ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರೊಬ್ಬರು ತೀರಿಹೋದ ತಮ್ಮ ತಾಯಿಯ ಫೋಟೋ ಒಯ್ಯಲು ಬಂದರು. ಸುಮಾರು ಹೊತ್ತು ನೋಡಿದರು.

"ಚೆನ್ನಾಗಿ ಬಂದಿದೆ. ಆದ್ರೆ ಅಮ್ಮ ಎಂತದನ್ನೋ ಕಂಡು ಹೆದರಿದ ಹಾಗಿದಾರಲ್ಲ?"

ಬಗ್ಗಿ ನೋಡಿದೆ. ಮೇಲಿನ ರೆಪ್ಪೆಯ ಗೆರೆ ಎರಡು ಕಡೆ ಹಾರಿತ್ತು, ಅಷ್ಟಕ್ಕೇ ಕಣ್ಣು ಬೆದರಿದಂತೆ ಕಾಣುತ್ತಿತ್ತು. ಹಾಳು ಮೌಸು ಎಂದು ಅವರ ಎದುರಿಗೇ ಬೈದು, ಅವರನ್ನು ಕೂರಿಸಿ ಮತ್ತೆ ಮಾಡಿಕೊಟ್ಟೆ.

ಕೌಂಟರಿನಲ್ಲಿ ಕೂತಿದ್ದ ಅಪ್ಪ ಅವತ್ತೇ ಗ್ರಾಫಿಕ್ಸ್ ಟ್ಯಾಬ್ಲೆಟ್ಟಿನ ಮಾತೆತ್ತಿದರು. ಸ್ಲೇಟಿನಂಥ ಹಲಗೆ, ಅದರ ಮೇಲೆ ಪೆನ್ನಿನಿಂದ ಎಳೆದದ್ದು ಹಾಗೇ ಕಂಪ್ಯೂಟರಿನಲ್ಲಿ ಮೂಡುತ್ತದಂತೆ, ಮಂಗಳೂರಿನಲ್ಲಿ ಸಿಗುತ್ತದಂತೆ. ಹಾಗೇ ಮೂಡುತ್ತದೆ ಎಂಬ ಮಾತಿಗೇ ನಾನು ಹೆದರಿದ್ದು. ಪೆನ್ನು ಹಿಡಿದ ಮೇಲೆ ಬೈಯಲು ಯಾರಿರುತ್ತಾರೆ? ಮಳೆ ಮುಗಿಯಲಿ, ಘಾಟಿ ರಸ್ತೆ ಸರಿಯಿಲ್ಲ ಎಂದೆ. ಮಳೆ ಮುಗಿಯಿತು. ಕಾಫಿ ಕೊಯ್ಲು ಮುಗಿಯಲಿ ಎಂದೆ.

"ನಮ್ಮದು ಒಂದು ಗಿಡ ಕಾಫಿ ಇಲ್ಲ, ಯಾರ ಕೊಯ್ಲು ಕಾಯ್ತಿದೀಯ ಮಾರಾಯ್ತಿ?" ಎಂದರು ಅಪ್ಪ.

ಹೋಗಲೇಬೇಕಾಯಿತು. ಚಾರ್ಮಾಡಿ ಇಳಿಯುವಾಗ ಬಸ್ಸಿನಲ್ಲಿ ಎಲ್ಲರೂ ಕಿಟಕಿಯಾಚೆಯ ಪ್ರಪಾತಕ್ಕೆ ಹೆದರುತ್ತಿದ್ದರು. ನಾನು ಬಲಗೈಯನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡು ಕೂತಿದ್ದೆ. ಈ ಕೈ ಹೋದರೆ ಸ್ಟುಡಿಯೋ ಹೋಯಿತು. ಸ್ಟುಡಿಯೋ ಹೋದರೆ ನಮ್ಮಿಬ್ಬರಿಗೆ ಅನ್ನವಿಲ್ಲ. ಎದೆ ಡವಗುಟ್ಟುವುದು ಪಕ್ಕದಲ್ಲಿದ್ದ ಅಪ್ಪನಿಗೆ ಕೇಳಿಸೀತೆಂದು ಸುಮ್ಮನೆ ಏನೇನೋ ಮಾತಾಡಿದೆ.

ಅಂಗಡಿಯವರು ಎರಡು ಟ್ಯಾಬ್ಲೆಟ್ ತೆಗೆದಿಟ್ಟರು. ಒಂದು ಅಂಗೈಗಿಂತ ತುಸು ದೊಡ್ಡದು, ಇನ್ನೊಂದು ಊಟದ ತಟ್ಟೆಯಷ್ಟು ಅಗಲ. ಸಣ್ಣದನ್ನು ಕಂಪ್ಯೂಟರಿಗೆ ಸಿಕ್ಕಿಸಿ, "ಒಂದು ಗೆರೆ ಎಳೆದು ನೋಡಿ ಮೇಡಂ" ಎಂದು ಪೆನ್ನು ಕೊಟ್ಟರು.

ಎಳೆದೆ. ಪರದೆಯ ಮೇಲೆ ಗೆರೆಯ ಬದಲು ಗರಗಸದ ಹಲ್ಲು ಮೂಡಿತು. ಸಣ್ಣ ಹಲಗೆಯಲ್ಲಿ ಬೆರಳು ಕೂದಲೆಳೆಯಷ್ಟು ಅಲ್ಲಾಡಿದರೂ ಪರದೆಯಲ್ಲಿ ಹತ್ತರಷ್ಟಾಗಿ ಕಾಣುತ್ತದೆ ಎಂದು ನನಗೆ ಆಮೇಲೆ ತಿಳಿಯಿತು. ಆ ಕ್ಷಣಕ್ಕೆ ಕಂಡದ್ದು ಒಂದೇ: ಅಪ್ಪ ಕೆಲಸ ಬಿಡುವ ಮುಂಚೆ ಎಳೆಯುತ್ತಿದ್ದ ಗೆರೆಯೇ ಇದು. ಹಿಂದೆ ನಿಂತಿದ್ದ ಅಪ್ಪನತ್ತ ತಿರುಗಿ ನೋಡುವ ಧೈರ್ಯವಾಗಲಿಲ್ಲ.

"ಇದು ತುಂಬಾ ಜಾರ್ತದೆ" ಎಂದೆ. ನನ್ನ ದನಿಯೇ ನನಗೆ ಕಳ್ಳದನಿಯಂತೆ ಕೇಳಿಸಿತು.

ಅವರು ದೊಡ್ಡದನ್ನು ಸಿಕ್ಕಿಸಿದರು. ಅದರಲ್ಲಿ ಈ ತುದಿಯಿಂದ ಆ ತುದಿಗೆ ಹೋಗಲು ಬೆರಳು ಸಾಲದು, ತೋಳನ್ನೇ ಎಳೆಯಬೇಕು. ಎಳೆದೆ. ಅಲ್ಲಲ್ಲಿ ಸ್ವಲ್ಪ ಅಳುಕಿದರೂ ಗೆರೆ ಗೆರೆಯಂತೆ ಬಂತು. ಇನ್ನೊಂದು ಎಳೆದೆ. ಅದೂ ಬಂತು.

"ದೊಡ್ಡದು ನಿಮಗೆ ಎಂತಕ್ಕೆ ಮೇಡಂ?" ಎಂದರು ಅಂಗಡಿಯವರು. "ಅದು ಡ್ರಾಯಿಂಗ್ ಮಾಡುವವರಿಗೆ. ಸ್ಟುಡಿಯೋದವರೆಲ್ಲ ಸಣ್ಣದೇ ತಗೊಂಡು ಹೋಗುವುದು. ಟೇಬಲ್ ಮೇಲೆ ಜಾಗವೂ ಉಳಿತದೆ."

ದೊಡ್ಡದೇ ಯಾಕೆ ಬೇಕೆಂದು ಹೇಳಲು ಹೊರಟರೆ ಒಳಗಿದ್ದದ್ದೆಲ್ಲ ಹೊರಗೆ ಬರುತ್ತಿತ್ತು. ಹೇಳದಿದ್ದರೆ ಸಣ್ಣದು ಹಿಡಿದುಕೊಂಡು ಮನೆಗೆ ಹೋಗಬೇಕಿತ್ತು. ಸರಿ, ಸಣ್ಣದೇ ಕೊಡಿ ಎಂದೇ ಬಿಡುವವಳಿದ್ದೆ.

"ದೊಡ್ಡದೇ ಕೊಡಿ" ಎಂದರು ಹಿಂದಿನಿಂದ ಅಪ್ಪ. "ಅವಳಿಗೆ ಚಿಕ್ಕಂದಿನಿಂದ ತೋಳು ಬೀಸಿ ಎಳೆಯೋದೇ ಅಭ್ಯಾಸ. ನಾನೇ ಕಲಿಸಿದ್ದು."

ಶುದ್ಧ ಸುಳ್ಳು. ಮಣಿಕಟ್ಟು ಮೇಜಿಗೆ ಊರಿ ಬೆರಳ ತುದಿಯಲ್ಲಿ ಎಳೆಯಲು ಕಲಿಸಿದವರು ಅವರೇ. ತೋಳು ಅಲ್ಲಾಡಿದರೆ ಸ್ಕೇಲಿನಿಂದ ತಟ್ಟುತ್ತಿದ್ದವರೂ ಅವರೇ. ಅಂಗಡಿಯವರು ಡಬ್ಬ ತರಲು ಒಳಗೆ ಹೋದರು. ಅಪ್ಪ ನನ್ನ ಮುಖ ನೋಡಲಿಲ್ಲ. ಪರದೆಯ ಮೇಲೆ ಉಳಿದಿದ್ದ ಗೆರೆಗಳನ್ನೇ ನೋಡುತ್ತಾ ನಿಂತಿದ್ದರು.

ವಾಪಸು ಬಸ್ಸು ಘಾಟಿ ಹತ್ತುತ್ತಿತ್ತು. ಡಬ್ಬ ನನ್ನ ತೊಡೆಯ ಮೇಲಿತ್ತು. ಅದರ ಮೇಲಿದ್ದ ನನ್ನ ಕೈಯನ್ನು ಇನ್ನು ಅಡಗಿಸಿ ಫಲವಿರಲಿಲ್ಲ.

"ಯಾವಾಗಿಂದ ಗೊತ್ತಿತ್ತು ನಿಮಗೆ?" ಎಂದು ಕೇಳಿದೆ.

"ನೀನು ಕಾಫಿನ ಲೋಟದಲ್ಲಿ ಕೊಡೋಕೆ ಶುರುಮಾಡಿದ ದಿನದಿಂದ."

ಅಳು ಒತ್ತರಿಸಿ ಬಂತು. ಅದಕ್ಕಿಂತ ಮುಂದೆ ಭಯ ನಿಂತಿತ್ತು. ಎಷ್ಟೋ ದಿನದಿಂದ ಗಂಟಲಲ್ಲೇ ಇದ್ದ ಪ್ರಶ್ನೆಯನ್ನು ಕೊನೆಗೂ ಕೇಳಿದೆ. "ಶುರುವಾದ ಮೇಲೆ ಎಷ್ಟು ವರ್ಷ ಕೆಲಸ ಮಾಡೋಕಾಯ್ತು ಅಪ್ಪ, ನಿಮಗೆ?"

ಅಪ್ಪ ನಡುಗುವ ತಮ್ಮ ಕೈಯನ್ನು ಎತ್ತಿ ನನ್ನ ಕೈಯ ಮೇಲಿಟ್ಟರು. ಯಾವ ನಡುಕ ಯಾರದೆಂದು ಗೊತ್ತಾಗದಂತಾಯಿತು.

"ನನ್ನ ನೆಗೆಟಿವ್ ಅಂಗೈಯಷ್ಟೇ ಇತ್ತು ಮಾರಾಯ್ತಿ. ತೋಳು ಬೀಸೋಕೆ ಜಾಗ ಎಲ್ಲಿತ್ತು? ನಿಂದು ದೊಡ್ಡದಿದೆ. ಜಾಸ್ತಿ ದಿನ ಬರ್ತದೆ."

ಎಷ್ಟು ವರ್ಷ ಎಂದು ಮಾತ್ರ ಅವರು ಹೇಳಲಿಲ್ಲ.