ಉಪ್ಪುನೆಲದ ಮೇಲೆ ಕೋಲಿನ ಸದ್ದು

ಬೆಳಿಗ್ಗೆ ಆರು ಇಪ್ಪತ್ತಕ್ಕೆ ಕಾರಿನ ಮುಂದಿನ ಚಕ್ರಗಳು ಹೂತುಹೋದವು. ಅಲ್ಲಿಯವರೆಗೂ ಇಂಥ ಅನುಭವಗಳನ್ನು ಬರೆಯುವವರನ್ನು ಕಂಡರೆ ನನಗೆ ಒಳಗೊಳಗೇ ನಗು. ಈಗ ನಾನೇ ಬರೆಯುತ್ತಿದ್ದೇನೆ. ನಂಬಿ ಎಂದು ಒತ್ತಾಯಿಸುವಷ್ಟು ಶಕ್ತಿಯೂ ಉಳಿದಿಲ್ಲ.

ದೋಹಾದ ಕಂಪನಿಯೊಂದರಲ್ಲಿ ಕಡತ ನೋಡಿಕೊಳ್ಳುವುದು ನನ್ನ ಕೆಲಸ. ರಜೆಯ ದಿನಗಳಲ್ಲಿ ಫಿನ್ಲೆಂಡಿನ ಹಳೆಯ ಕಾದಂಬರಿಯೊಂದನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುತ್ತಿದ್ದೆ. ಸಣ್ಣ ದ್ವೀಪವೊಂದರ ಮೀನುಗಾರರ ಕತೆ. ಚಳಿಗಾಲದಲ್ಲಿ ಸಮುದ್ರ ಹೆಪ್ಪುಗಟ್ಟಿದಾಗ ಅವರು ಅದರ ಮೇಲೆಯೇ ನಡೆದು ಆಚೆ ದಡಕ್ಕೆ ಹೋಗುತ್ತಾರೆ. ಮುಂದೆ ನಡೆಯುವವನ ಕೈಯಲ್ಲೊಂದು ಕೋಲು. ಬಿಜಾಪುರದ ಬಯಲಿನವನಾದ ನಾನು ಅದನ್ನು ಮುದುಕರ ಊರುಗೋಲೆಂದೇ ತಿಳಿದು ಹಾಗೇ ಬರೆದಿದ್ದೆ. ಆ ಅಧ್ಯಾಯ ಜೀವವಿಲ್ಲದೆ ಬಿದ್ದಿತ್ತು.

ಬಿನ್ ಮಹಮೂದ್ ಬಡಾವಣೆಯ ನಮ್ಮ ಕಟ್ಟಡದಲ್ಲಿ ಕೆಳಗಿನ ಮನೆಯಲ್ಲಿದ್ದವರು ಹಿರಿಯ ಗೆಳೆಯ, ಉಳ್ಳಾಲದ ಹಮೀದಾಕ. ಆ ಅಧ್ಯಾಯದ ಕಷ್ಟ ಅವರಿಗೆ ಹೇಳಿದಾಗ ನಕ್ಕರು. "ಬಿಜಾಪುರದಲ್ಲಿ ಯಾವ ಸಮುದ್ರ ಉಂಟು ಮಾರಾಯ್ರೆ, ನೀವು ದ್ವೀಪದ ಕತೆ ಬರೆಯಲಿಕ್ಕೆ? ಮೇಲೆ ಗಟ್ಟಿ, ಕೆಳಗೆ ಕೆಸರು, ಅಂಥ ನೆಲ ಇಲ್ಲಿಯೂ ಉಂಟು. ಬನ್ನಿ, ತೋರಿಸುತ್ತೇನೆ."

ಹಾಗೆ ಒಂದು ಶುಕ್ರವಾರ ಕಡಲಂಚಿನ ಉಪ್ಪುನೆಲಕ್ಕೆ ಹೋದೆವು. ಹಳೆಯ ಟೈರಿನ ಗುರುತು ನಂಬಿ ಒಳಗೆ ಹೋದದ್ದು ತಪ್ಪಾಯಿತು.

ದಟ್ಟ ಮಂಜು. ಫೋನಿಗೆ ಸಿಗ್ನಲ್ ಇಲ್ಲ. ಉಬ್ಬರದ ನೀರು ಸದ್ದಿಲ್ಲದೆ ಚಕ್ರಗಳ ಸುತ್ತ ಬಂದಿತ್ತು. ಇಳಿದು ಎರಡು ಹೆಜ್ಜೆ ಇಟ್ಟ ಹಮೀದಾಕ ತೊಡೆಯವರೆಗೆ ಹೂತುಹೋದರು. ಅವರಿಗೆ ಅರುವತ್ತರ ಹತ್ತಿರ. ಡಿಕ್ಕಿಯಲ್ಲಿದ್ದ ಹಗ್ಗವನ್ನು ಅವರ ಕಂಕುಳಿಗೆ ಸುತ್ತಿಸಿ ಎಳೆದೆ. ಹೊರಗೆ ಬಂದಾಗ ಅವರ ತುಟಿ ನೀಲಿಗಟ್ಟಿತ್ತು. ಇನ್ನೊಮ್ಮೆ ಹೂತುಹೋದರೆ ಅವರನ್ನು ಎಳೆಯುವ ಬಲ ನನ್ನಲ್ಲಿರಲಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು.

ಆಗ ಎಡಗಡೆಯಿಂದ ಕೇಳಿತು. ಟಕ್, ಟಕ್. ಗಟ್ಟಿ ನೆಲವನ್ನು ಕೋಲಿನಿಂದ ಬಡಿದಂತೆ.

"ಯಾರೋ ಇದ್ದಾರೆ. ಕೂಗಿ," ಎಂದರು ಹಮೀದಾಕ.

ಅರಬಿಯಲ್ಲಿ, ಹಿಂದಿಯಲ್ಲಿ, ಮಲಯಾಳದಲ್ಲಿ ಕೂಗಿದೆವು. ಉತ್ತರ ಬರಲಿಲ್ಲ. ಸದ್ದು ಮಾತ್ರ ತುಸು ದೂರದಲ್ಲಿ ಕಾದಂತಿತ್ತು. ಅದರ ಹಿಂದೆ ನಡೆದೆವು. ಒಂದೆರಡು ಕಡೆ ಹಿಟ್ಟಿನ ಚೀಲಕ್ಕೆ ಹೊಡೆದ ಹಾಗೆ ಮಂದವಾಗಿ ಕೇಳಿತು, ನಿಂತೆವು. ಪಕ್ಕಕ್ಕೆ ಸರಿದು ಮತ್ತೆ ಗಟ್ಟಿಯಾಯಿತು, ನಾವೂ ಸರಿದೆವು. ಆ ದ್ವೀಪದವರು ಕೋಲು ಹಿಡಿಯುತ್ತಿದ್ದದ್ದು ಕಾಲಡಿಯ ಮಂಜುಗಡ್ಡೆ ಗಟ್ಟಿಯೋ ಎಂದು ಬಡಿದು ಕೇಳುವುದಕ್ಕೆ ಎಂದು ನನಗೆ ತಿಳಿದದ್ದು ಆಗ.

ಜಲ್ಲಿರಸ್ತೆ ಕಾಲಿಗೆ ಸಿಕ್ಕಿತು. ಸದ್ದು ನಿಂತಿತು. ಮಂಜು ಕರಗಿದ ಮೇಲೆ ನೋಡಿದರೆ ಕಣ್ಣು ಹಾಯುವವರೆಗೆ ಬಿಳಿ ನೆಲ, ದೂರದಲ್ಲಿ ನೀರಿನ ನಡುವೆ ನಮ್ಮ ಕಾರು, ಬೇರೇನೂ ಇಲ್ಲ. ಹೆಜ್ಜೆಗುರುತುಗಳು ನಮ್ಮಿಬ್ಬರವೇ.

"ನೀವೂ ಕೇಳಿದ್ರಲ್ರಿ?" ಎಂದೆ.

"ಕೇಳಿದ್ದೇನೆ. ಖಲಾಸ್. ಮನೆಯಲ್ಲಿ ಹೇಳುವುದು ಬೇಡ."

ದೋಣಿಯ ಎಂಜಿನ್, ಎಲ್ಲಿಯದೋ ಪಂಪು, ಹೆದರಿದ ಕಿವಿ, ಎಲ್ಲವನ್ನೂ ಯೋಚಿಸಿ ಸುಸ್ತಾಗಿದ್ದೇನೆ. ಇಬ್ಬರ ಕಿವಿಯೂ ಒಂದೇ ಕಡೆ ತಿರುಗಿದ್ದು ಹೇಗೆ ಎಂಬುದು ಇವತ್ತಿಗೂ ತಿಳಿದಿಲ್ಲ. ಅಧ್ಯಾಯವನ್ನು ತಿದ್ದಿದೆ. ನಿದ್ದೆ ಮಾತ್ರ ಬರುತ್ತಿರಲಿಲ್ಲ. ಹಾಸಿಗೆ ಕುಸಿದಂತಾಗಿ ಎದ್ದು ಕೂರುತ್ತಿದ್ದೆ.

ಆರು ವಾರ ಕಳೆದ ಮೇಲೆ ಒಂದು ಗುರುವಾರ ಹಮೀದಾಕ ದಿಂಬು ಹಿಡಿದು ಬಂದರು. ಮನೆಯವರು ಊರಿಗೆ ಹೋಗಿದ್ದರು. ಒಬ್ಬರೇ ಮಲಗಲು ಆಗುತ್ತಿಲ್ಲವಂತೆ. ಎರಡು ಚಾಪೆ ಹಾಸಿದೆವು. ಕಣ್ಣು ಬಿಟ್ಟಾಗ ಶುಕ್ರವಾರ ಬೆಳಿಗ್ಗೆ ಒಂಬತ್ತು. ಬೆಳಗಿನ ನಮಾಜನ್ನು ಒಂದು ದಿನವೂ ತಪ್ಪಿಸದ ಹಮೀದಾಕ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದರು. ಎಬ್ಬಿಸಬೇಕಿತ್ತೇನೋ. ನಾನು ಎಬ್ಬಿಸಲಿಲ್ಲ.