ಟೈಲರಮ್ಮ ಮರಳು ಮುಟ್ಟಿದ್ದು

ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಟೈಲರಮ್ಮನ ಅಂಗಡಿ. ಎರಡು ಮಷೀನು, ಒಂದು ಕಿಟಕಿ, ನೆಲದ ತುಂಬ ಶಾಲಾ ಸಮವಸ್ತ್ರದ ನೀಲಿ ಚೂರುಗಳು. ಐವತ್ತು ದಾಟಿದ ಈ ಹೆಂಗಸು ಹುಡುಗಿಯಾಗಿದ್ದಾಗ ಟ್ರಿಪಲ್ ಜಂಪ್ ಹಾರುತ್ತಿದ್ದಳು. ಓಡಿಬಂದು ಹಲಗೆ ಮೆಟ್ಟಿ ಬಲಗಾಲಲ್ಲಿ ಎದ್ದು, ಅದೇ ಕಾಲಲ್ಲಿ ಇಳಿದು, ಅಲ್ಲಿಂದ ಎಡಗಾಲಿಗೆ, ಎಡಗಾಲಿಂದ ಮರಳಿಗೆ. ಉದ್ದಜಿಗಿತಕ್ಕೆಂದು ಹೋದವಳನ್ನು ಡ್ರಿಲ್ ಮೇಷ್ಟ್ರು, "ನಿಂಗೆ ಒಂದು ನೆಗೆತ ಎಲ್ಲಿ ಸಾಲುತ್ತೆ, ಇಲ್ಲಿ ಬಾ" ಎಂದು ಇದಕ್ಕೆ ಹಚ್ಚಿದ್ದರು. ಮದುವೆಯಾದ ಮೇಲೆ ಕಾಲಿಗೆ ಸಿಕ್ಕಿದ್ದು ಮಷೀನಿನ ಪೆಡಲು. ಅದಕ್ಕಾಗಿ ಅವಳು ಕೊರಗಿದವಳಲ್ಲ. ಹಳೆಯ ಮಾತು ಬಂದಾಗ ಹೇಳಿಕೊಂಡು ನಗುತ್ತಿದ್ದಳು, ಅಷ್ಟೆ.

ಒಮ್ಮೆ ಕ್ರೀಡಾಂಗಣದ ಕೋಚಮ್ಮ ಪ್ಯಾಂಟಿಗೆ ಜಿಪ್ ಹಾಕಿಸಲು ಬಂದಳು. ಹಿರಿಯರ ಕ್ರೀಡಾಕೂಟವಂತೆ, ಹೆಂಗಸರ ಟ್ರಿಪಲ್ ಜಂಪ್‌ಗೆ ಜನ ಸಾಲದೆ ರದ್ದಾಗುವ ಹಾಗಿದೆಯಂತೆ. ಮೂಲೆಯಲ್ಲಿ ಗುಂಡಿ ಹೊಲಿಯುತ್ತಿದ್ದ ಅತ್ತೆ ತಲೆಯೆತ್ತಿದರು.

"ಇವಳಿದ್ದಾಳಲ್ಲ! ಹಾರ್ತಿದ್ದೆ, ಹಾರ್ತಿದ್ದೆ ಅಂತ ಇಷ್ಟು ವರ್ಷ ನನ್ನ ಕಿವಿ ತೂತು ಮಾಡಿದ್ದಾಳೆ. ಒಂದ್ಸಲ ನೋಡೇಬಿಡೋಣ."

"ಅತ್ತೆ, ಮಂಡಿ ಹೋದ್ರೆ ಹೊಲಿಯೋರ್ಯಾರು?"

"ಹೊಲಿಯೋಕೆ ಒಂದು ಕಾಲು ಸಾಕು ಕಣೇ. ಹೆಸರು ಕೊಡು."

ಅಂದಿನಿಂದ ಅಂಗಡಿ ತೆರೆಯುವ ಮುಂಚೆ ಮೈದಾನದ ಹುಲ್ಲಿನ ಮೇಲೆ ಕುಪ್ಪಳಿಸುವುದೇ ಕುಪ್ಪಳಿಸುವುದು. ಸಂಜೆ ಗಂಡ ಅವಳ ಕಾಲಿಗೆ ಎಣ್ಣೆ ನೀವುತ್ತ, "ಈಗ ರೆಕ್ಕೆ ಬಂತೇನೇ ನಿಂಗೆ" ಎನ್ನುತ್ತಿದ್ದ.

ಕೂಟದ ದಿನ ಸ್ಪರ್ಧಿಗಳು ಮೂವರೇ. ಟೈಲರಮ್ಮ ಮೊದಲು ಓಡಿದಳು. ಬಲ, ಬಲ, ಎಡ, ಎಲ್ಲ ಸರಿಯಾಯಿತು. ಆದರೆ ಮರಳು ಇನ್ನೂ ಮುಂದಿತ್ತು. ಗಟ್ಟಿ ನೆಲದ ಮೇಲೆ ದೊಪ್ಪೆಂದು ಕುಳಿತಳು. ಜನ ಗೊಳ್ಳೆಂದರು. 

ಪ್ರೇಕ್ಷಕರ ಮೆಟ್ಟಿಲ ಮೇಲಿಂದ ಅತ್ತೆ ಎದ್ದರು. "ಏನ್ರೀ, ಹಲಗೆ ಅಷ್ಟು ದೂರ ಹಾಕಿ ನಗ್ತೀರಾ? ಇಲ್ಲಾ ಅದನ್ನ ಮುಂದೆ ತಳ್ಳಿ, ಇಲ್ಲಾ ಮರಳನ್ನ ಹಿಂದೆ ತನ್ನಿ!"

ಪ್ರಾಯದ ಹುಡುಗಿಯರ ಹಲಗೆ ಅದು. ಉಳಿದಿಬ್ಬರೂ "ನಮಗೂ ಎಟುಕಲ್ಲ" ಎಂದಾಗ ತೀರ್ಪುಗಾರರು ತಲೆ ಕೆರೆದುಕೊಂಡು, ಮರಳಿಗೆ ಹತ್ತಿರದಲ್ಲಿ ಹೊಸದಾಗಿ ಬಿಳಿ ಪಟ್ಟಿ ಅಂಟಿಸಿದರು.

ಎರಡನೇ ಸಲ ಅವಸರದಲ್ಲಿ ಪಟ್ಟಿಯ ಆಚೆ ತುಳಿದು, ಫೌಲೆಂದು ಕೆಂಪು ಬಾವುಟ ಎತ್ತಿಸಿಕೊಂಡಳು. ಮೂರನೆಯ, ಕೊನೆಯ ಸಲ ಓಡುವಾಗ ಜನರ ಸದ್ದು ಕಿವಿಗೆ ಬೀಳಲಿಲ್ಲ. ಬಲಗಾಲು ನೆಲ ಮುಟ್ಟಿ ಚಿಮ್ಮಿತು, ಎಡಗಾಲು ಎಲ್ಲೋ ಇದ್ದ ಕಸುವನ್ನೆಲ್ಲ ಕೊಟ್ಟಿತು. ಒಂದು ಗಳಿಗೆ ಕಾಲ ಕೆಳಗೆ ಏನೂ ಇರಲಿಲ್ಲ. ಆಮೇಲೆ ಮೆತ್ತನೆಯ, ಬೆಚ್ಚಗಿನ ಮರಳು. ತಲೆಗೂದಲಲ್ಲಿ ಮರಳು, ಬಾಯಲ್ಲೂ ಮರಳು. ಅದರಲ್ಲೇ ಕುಳಿತು ಮಗುವಿನ ಹಾಗೆ ನಕ್ಕಳು.

ಮೂವರಲ್ಲಿ ಮೂರನೆಯವಳಾದಳು. ಕಂಚಿನ ಪದಕವನ್ನು ಅತ್ತೆಯೇ ಅಂಗಡಿಯ ಕಿಟಕಿಗೆ ನೇತುಹಾಕಿದ್ದಾರೆ. ಬಟ್ಟೆ ಕೊಡಲು ಬಂದವರಿಗೆಲ್ಲ ಆ ನೆಗೆತದ ವರ್ಣನೆ. ಅತ್ತೆ ಒಬ್ಬರಿಗೆ ಹೇಳಿ ಇನ್ನೊಬ್ಬರಿಗೆ ಹೇಳುವಷ್ಟರಲ್ಲಿ ಅದು ಒಂದು ಮೊಳ ಉದ್ದವಾಗಿರುತ್ತದೆ. ಟೈಲರಮ್ಮ ಮಷೀನಿನಿಂದ ತಲೆಯೆತ್ತುವುದಿಲ್ಲ. ತಿದ್ದುವುದೂ ಇಲ್ಲ.