ಕಂಡಕ್ಟರಮ್ಮ ವೋಟು ಕೇಳಿದ್ದು

ದೇಶದ ಚುನಾವಣೆಯಲ್ಲಿ ಪಕ್ಷ ಎರಡನೆಯ ಸಲವೂ ನೆಲಕಚ್ಚಿದ ಮೇಲೆ, ಕಚೇರಿಯ ಮಹಡಿಯಲ್ಲಿ ಆತ್ಮಾವಲೋಕನ ಸಭೆ ಕರೆದಿದ್ದರು. ಕಂಡಕ್ಟರಮ್ಮ ಹಿಂದಿನ ಸಾಲಿನಲ್ಲಿ, ಕಾಲು ಅಲ್ಲಾಡುವ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು, ಯಾರಾದರೊಬ್ಬರು ತಮ್ಮ ಆತ್ಮವನ್ನು ನೋಡಿಕೊಂಡಾರು ಎಂದು ಮಧ್ಯಾಹ್ನದವರೆಗೂ ಕಾದಳು. ಎಲ್ಲರೂ ಪಕ್ಕದವರ ಆತ್ಮವನ್ನೇ ಅವಲೋಕಿಸಿದರು. ಯುವ ಘಟಕದವರು, ಮಹಿಳಾ ಘಟಕ ಮನೆಯಿಂದ ಹೊರಗೇ ಬರಲಿಲ್ಲ ಎಂದರು. ಮಹಿಳಾ ಘಟಕದವರು, ಹುಡುಗರು ಫೋನಿನಿಂದ ತಲೆಯೆತ್ತಲಿಲ್ಲ ಎಂದರು. ಸೋತ ಅಭ್ಯರ್ಥಿ, "ನನ್ನವರೇ ನನ್ನ ಬೆನ್ನಿಗೆ ಚೂರಿ ಹಾಕಿದ್ರು" ಎಂದು ಕಣ್ಣೊರೆಸಿಕೊಂಡ. ಅವನು ಎರಡು ಪಕ್ಷಗಳ ಬೆನ್ನಿಗೆ ಅದನ್ನೇ ಮಾಡಿ ಇಲ್ಲಿಗೆ ಬಂದವನಾದ್ದರಿಂದ ಯಾರೂ ಕರಗಲಿಲ್ಲ. ಕೊನೆಗೆ ಮೇಲಿನಿಂದ ಬಂದಿದ್ದ ಉಸ್ತುವಾರಿ ಮೈಕು ಹಿಡಿದರು.

"ಜನ ನಮ್ಮನ್ನ ತಿರಸ್ಕರಿಸಿಲ್ಲ. ನಮ್ಮ ಸಾಧನೆ ಜನಕ್ಕೆ ತಲುಪಿಲ್ಲ, ಅಷ್ಟೇ."

ಚಪ್ಪಾಳೆ ಬಿತ್ತು.

"ತಲುಪೋದಕ್ಕೆ ಅದೇನು ಪಾರ್ಸೆಲ್ಲಾ?" ಎಂದು ಕಂಡಕ್ಟರಮ್ಮ ಪಕ್ಕದಲ್ಲಿದ್ದ, ತನ್ನ ವಾರ್ಡಿನ ಕಾರ್ಯಕರ್ತ ದರ್ಜಿಗೆ ಪಿಸುಗುಟ್ಟಿದಳು. ಪಿಸುಗುಟ್ಟಿದ್ದು ಎಂದು ಅವಳ ಅಂದಾಜು. ಕಿಕ್ಕಿರಿದ ಬಸ್ಸಿನ ಹಿಂಬಾಗಿಲಿನಲ್ಲಿ ನಿಂತು ಮುಂದಿನವರಿಗೆ ಕೇಳುವಂತೆ "ಒಳಗೆ ಸರೀರಿ, ಒಳಗೆ ಸರೀರಿ" ಎಂದು ಅರ್ಧ ಆಯುಷ್ಯ ಕೂಗಿದ ಗಂಟಲದು. ಇಡೀ ಸಭೆ ತಿರುಗಿ ನೋಡಿತು.

ಬಸ್ಸಿನ ಕೆಲಸದಿಂದ ನಿವೃತ್ತಳಾದ ಮೇಲೂ ಅವಳ ಹೆಸರು ಕಂಡಕ್ಟರಮ್ಮನೇ. ಡಿಪೋದ ಕಾರ್ಮಿಕ ಸಂಘದಿಂದ ಪಕ್ಷಕ್ಕೆ ಬಂದವಳು; ವಾರ್ಡಿನ ಅಧ್ಯಕ್ಷೆಯಾಗಿ ಎಷ್ಟೋ ಚುನಾವಣೆ ನೋಡಿದವಳು. ಮೊದಲೆಲ್ಲ ಅವಳ ಬೀದಿಯಲ್ಲಿ ವೋಟು ಕೇಳುವ ಕೆಲಸವೇ ಇರಲಿಲ್ಲ. ಅಪ್ಪ ಹಾಕಿದ ಗುರುತಿಗೆ ಮಗ, ಅತ್ತೆ ಹಾಕಿದ್ದಕ್ಕೆ ಸೊಸೆ. ಆ ಕಾಲ ಯಾವಾಗ ಕೈಜಾರಿತು ಎಂಬುದು ಅವಳಿಗೇ ತಿಳಿಯಲಿಲ್ಲ.

ಸಭೆಯ ಫಲವಾಗಿ ಮೇಲಿನಿಂದ ಒಂದು ಅಭಿಯಾನ ಇಳಿದು ಬಂತು. ಬಿಟ್ಟು ಹೋದ ಮತದಾರರ ಮನೆಬಾಗಿಲಿಗೆ ಹೋಗಬೇಕು, ಸಾಧನೆಯ ಕರಪತ್ರ ಕೊಡಬೇಕು, ಮನವೊಲಿಸಬೇಕು. ಕರಪತ್ರ ಎಂಟು ಪುಟವಿತ್ತು. ಅದರಲ್ಲಿ ಏಳು ಪುಟ ನಾಯಕರ ಫೋಟೊ. ಕಂಡಕ್ಟರಮ್ಮ ಅದರ ಕಟ್ಟನ್ನು ಕಂಕುಳಲ್ಲಿಟ್ಟು, ಮಂಡಿನೋವಿನ ದರ್ಜಿಯನ್ನು ಜೊತೆಗೆ ಹೊರಡಿಸಿಕೊಂಡು ಬೀದಿಗಿಳಿದಳು.

ಮೊದಲು ಸಿಕ್ಕಿದ್ದು ಆಸ್ಪತ್ರೆಯ ನರ್ಸ್. ಹಿಂದಿನ ರಾತ್ರಿ ಎರಡನೇ ಪಾಳಿ ಮುಗಿಸಿ ಬಂದು ಮಲಗಿದ್ದವಳು, ಕೆದರಿದ ಕೂದಲಲ್ಲೇ ಬಾಗಿಲು ತೆರೆದಳು.

"ಯಾಕಮ್ಮಾ ನಮ್ಮನ್ನ ಬಿಟ್ಟೆ?" ಕಂಡಕ್ಟರಮ್ಮ ನೇರವಾಗಿ ಕೇಳಿದಳು.

"ಆಂಟಿ, ನೀವು ಚುನಾವಣೆ ಬಂದಾಗ ಬಿಟ್ರೆ ಯಾವತ್ತು ನಮ್ಮ ಮನೆ ಮೆಟ್ಟಿಲು ಹತ್ತಿದ್ರಿ?"

"ಹತ್ತದೆ ಇದ್ರೇನು? ನಿಮ್ಮಮ್ಮನ್ನ ಆಸ್ಪತ್ರೆಗೆ ಸೇರಿಸಿದಾಗ ವಾರ್ಡಲ್ಲಿ ಹಾಸಿಗೆ ಕೊಡಿಸಿದ್ದು ಯಾರು? ಮರೆತ್ಯಾ?"

ನರ್ಸಿನ ಮುಖ ಬಿಗಿಯಿತು. ಕರಪತ್ರ ತೆಗೆದುಕೊಂಡು, ಬಾಗಿಲು ಹಾಕಿದಳು.

ಮುಂದಿನ ಮನೆಯಲ್ಲಿ ನಿವೃತ್ತ ಮೇಷ್ಟ್ರು. "ಬಟ್ಟೆ ಬದಲಾಯಿಸಿದ ಹಾಗೆ ಪಕ್ಷ ಬದಲಾಯಿಸೋನಿಗೆ ಟಿಕೆಟ್ ಕೊಟ್ರಲ್ಲ, ಯಾವ ಮುಖ ಇಟ್ಕೊಂಡು ವೋಟು ಕೇಳ್ತೀರಿ?" ಎಂದರು. ಒಳಗೊಳಗೆ ಅವಳಿಗೂ ಅದೇ ಸಂಕಟ. ಆದರೆ ಬಾಯಿಂದ ಬಂದಿದ್ದೇ ಬೇರೆ: "ಆ ಪಕ್ಷದಲ್ಲಿ ಇರೋರೇನು ಸಾಚಾಗಳಾ ಮೇಷ್ಟ್ರೇ?" ಮೇಷ್ಟ್ರು ಕನ್ನಡಕ ತೆಗೆದು ಒರೆಸಿ, "ಅಲ್ಲ. ಅದಕ್ಕೇ ಈ ಸಲ ನಾನು ಬೂತಿಗೇ ಹೋಗಲಿಲ್ಲ" ಎಂದರು.

ಹೀಗೇ ಸಾಗಿತು. ಒಬ್ಬರಿಗೆ ಉಪಕಾರ ನೆನಪಿಸಿದಳು, ಇನ್ನೊಬ್ಬರಿಗೆ ಬುದ್ಧಿ ಹೇಳಿದಳು, ಮತ್ತೊಬ್ಬರೊಡನೆ ಜಗಳಕ್ಕೇ ನಿಂತಳು. ಬೀದಿಯ ತುದಿ ಮುಟ್ಟುವಷ್ಟರಲ್ಲಿ ದರ್ಜಿ ಒಂದು ಕಟ್ಟೆಯ ಮೇಲೆ ಕುಸಿದು ಕೂತ.

"ಅಕ್ಕಾ, ಬೇಜಾರು ಮಾಡ್ಕೋಬೇಡಿ. ನೀವು ವೋಟು ಕೇಳ್ತಾ ಇಲ್ಲ. ಟಿಕೆಟ್ ತಗೊಳ್ಳದೆ ಹತ್ತಿದೋರನ್ನ ಹಿಡೀತಾ ಇದ್ದೀರ."

"ಹತ್ತಿದ್ರೆ ತಾನೇ ಹಿಡಿಯೋದು! ಇವರು ಇಳಿದೇ ಹೋಗಿದಾರಲ್ಲಪ್ಪ!"

ಸಿಡಿಮಿಡಿಗುಟ್ಟುತ್ತಲೇ ಮನೆ ಸೇರಿದಳು. ಗಂಡ ಮಲಗುವ ಕೋಣೆಯಲ್ಲಿ, ಮಂಚದ ಪಕ್ಕಕ್ಕೆ ಎಳೆದ ಮೇಜಿನ ಮುಂದೆ, ಸುಟ್ಟುಹೋದ ಫ್ಯಾನೊಂದಕ್ಕೆ ಹೊಸ ತಾಮ್ರದ ತಂತಿ ಸುತ್ತುತ್ತಿದ್ದ. ಮೋಟಾರು ವೈಂಡಿಂಗ್ ಅವನ ಕಸುಬು. ಕೋಣೆಯಲ್ಲೆಲ್ಲ ವಾರ್ನಿಶಿನ ಘಾಟು. ಅವಳು ಚಪ್ಪಲಿ ಕಳಚುವಾಗ ಶುರುಮಾಡಿದ ಬೈಗುಳ, ನೀರು ಕುಡಿದಾದ ಮೇಲೂ ನಿಲ್ಲಲಿಲ್ಲ. "ಉಂಡ ಮನೆ ಜಂತೆ ಎಣಿಸೋ ಜನ! ಒಬ್ಬರಾದ್ರೂ ನಿಯತ್ತಿನಿಂದ ನಮಗೆ ಹಾಕಿದಾರೇನ್ರೀ?"

"ನಾನೂ ಹಾಕಿಲ್ಲ" ಎಂದ ಗಂಡ, ತಂತಿಯಿಂದ ಕಣ್ಣು ತೆಗೆಯದೆ.

ಅವಳು ಲೋಟ ಹಿಡಿದುಕೊಂಡೇ ನಿಂತಳು. "ಏನಂದ್ರಿ?"

"ಈ ಸಲ ನಿಮ್ಮ ಪಕ್ಷಕ್ಕೆ ಹಾಕಿಲ್ಲ ಅಂದೆ. ಹೋದ ಸಲಾನೂ ಹಾಕಿಲ್ಲ."

"ನನ್ನ ಗಂಡ ಆಗಿ? ಈ ಮನೇಲಿ ಕೂತು?"

"ಈ ಮನೇಲಿ ಕೂತಿದ್ದಕ್ಕೇ. ಮನೆ ಮುಂದೆ ವರ್ಕ್‌ಶಾಪ್ ಇರಬಾರದು ಅಂತ ನಿಮ್ಮ ಸರ್ಕಾರ ಕಾನೂನು ತಂತಲ್ಲ, ನನ್ನ ಅಂಗಡಿ ಬಾಗಿಲಿಗೆ ಬೀಗ ಹಾಕಿ ಮೊಹರು ಒತ್ತಿದ್ರಲ್ಲ, ಆವತ್ತು ನಾನು ನಿನ್ನ ಹತ್ರ ಬಂದೆ. ನೀನೇನಂದೆ ನೆನಪಿದ್ಯಾ?"

ಅವಳಿಗೆ ನೆನಪಿತ್ತು. ಕಾನೂನು ಎಲ್ಲರಿಗೂ ಒಂದೇ, ನಮ್ಮ ಪಕ್ಷದ ಮರ್ಯಾದೆ ಕಳೀಬೇಡಿ ಎಂದಿದ್ದಳು. ಅಂದಿನಿಂದ ಅವನು ಮಂಚದ ಪಕ್ಕ ಕೂತು ತಂತಿ ಸುತ್ತುತ್ತಿದ್ದ. ಆ ಘಾಟಿನಲ್ಲೇ ಇಬ್ಬರೂ ಮಲಗುತ್ತಿದ್ದರು. ಅವನು ಒಮ್ಮೆಯೂ ಆ ಮಾತೆತ್ತಿರಲಿಲ್ಲ.

"ಹೇಳಬಾರದಿತ್ತಾ?"

"ಬೀದಿಯೆಲ್ಲ ಸುತ್ತಿ ಕೈಮುಗಿದು ಕೇಳ್ತೀಯ. ನನ್ನ ಒಂದ್ಸಲ ಕೇಳಿದ್ಯಾ? ಗಂಡ ತಾನೆ, ಎಲ್ಲಿಗೆ ಹೋಗ್ತಾನೆ ಅಂದ್ಕೊಂಡೆ."

ಆಮೇಲೆ ಆ ಮನೆಯಲ್ಲಿ ಮಾತು ನಿಂತಿತು. ಊಟಕ್ಕೆ ಕರೆಯಬೇಕಾದಾಗ ಕಂಡಕ್ಟರಮ್ಮ ತಟ್ಟೆಯನ್ನು ಸದ್ದಾಗುವಂತೆ ಕುಕ್ಕುತ್ತಿದ್ದಳು. ಊಟ ಬೇಡದಿದ್ದರೆ ಅವನು ಡ್ರಿಲ್ ಯಂತ್ರ ಚಾಲೂ ಮಾಡುತ್ತಿದ್ದ. ನೋಡಲು ಬಂದ ಮಗಳು ಇಬ್ಬರ ನಡುವೆ ಕೂತು, "ನಿಮ್ಮಿಬ್ಬರದು ಮನೇನೋ ಪಾರ್ಲಿಮೆಂಟೋ?" ಎಂದು ತಲೆ ಚಚ್ಚಿಕೊಂಡು ಹೋದಳು.

ಕೋಪ ಇಳಿಯಲು ಸಮಯ ಹಿಡಿಯಿತು. ಇಳಿದ ಮೇಲೆ ಉಳಿದದ್ದು ನಾಚಿಕೆಗಿಂತ ಹೆಚ್ಚಾಗಿ ಸುಸ್ತು. ಮನೆಯೊಳಗಿನ ವೋಟು ಹೋದದ್ದೇ ತಿಳಿಯದವಳು ಬೀದಿಯ ವೋಟು ತಿರುಗಿ ತರಲು ಹೊರಟಿದ್ದಳಲ್ಲ! ಒಂದು ಬೆಳಿಗ್ಗೆ ಕರಪತ್ರದ ಕಟ್ಟನ್ನು ಗಂಡನ ಮೇಜಿನ ಮೇಲೆ ಕುಕ್ಕಿದಳು. "ವಾರ್ನಿಶ್ ಚೆಲ್ಲಿದ್ರೆ ಒರೆಸ್ಕೊಳ್ಳಿ" ಎಂದಳು. ವಾರಗಳ ನಂತರದ ಮೊದಲ ಮಾತು ಅದು. ಬರಿಗೈಯಲ್ಲಿ ಹೊರಟಳು.

ಈ ಸಲ ಕೇಳುವುದು ಮಾತ್ರ, ಎದುರಾಡುವುದಿಲ್ಲ ಎಂದು ಶಪಥ ಮಾಡಿದ್ದಳು. ಅದು ಅವಳಿಗೆ ಹಲ್ಲು ಕೀಳಿಸಿಕೊಂಡಷ್ಟು ಕಷ್ಟದ ಕೆಲಸ. ಜನ ಹೇಳಿದ್ದರಲ್ಲಿ ಅರ್ಧ ಸುಳ್ಳು, ಕಾಲು ಭಾಗ ಯಾರೋ ಫೋನಿಗೆ ಕಳಿಸಿದ ಗಾಳಿಮಾತು. ನಾಲಿಗೆ ಕಚ್ಚಿಕೊಂಡು ಕೂತಳು. ನರ್ಸ್ ಮಾತ್ರ ಬೇರೆಯದೇ ಹೇಳಿದಳು.

"ಪಾಳಿ ಮುಗಿದ್ಮೇಲೆ ಮೊದಲು ಒಂದು ಕೊನೇ ಬಸ್ಸಿತ್ತು ಆಂಟಿ. ನಷ್ಟ ಅಂತ ನಿಮ್ಮ ಸರ್ಕಾರದ ಕಾಲದಲ್ಲೇ ನಿಲ್ಲಿಸಿದ್ರು. ನಾವು ನಾಲ್ಕೈದು ಜನ ಗುಂಪಾಗಿ ನಡ್ಕೊಂಡು ಬರ್ತೀವಿ. ನೀವು ಬಸ್ಸಲ್ಲೇ ಇದ್ದೋರು, ನಿಮಗಾದ್ರೂ ಅನ್ನಿಸಬೇಕಿತ್ತು."

ಆ ಬಸ್ಸಿನಲ್ಲಿ ಎಷ್ಟೋ ಸಲ ಕಂಡಕ್ಟರಮ್ಮನೇ ಡ್ಯೂಟಿ ಮಾಡಿದ್ದಳು. ರಾತ್ರಿ ಡ್ಯೂಟಿ ತಪ್ಪಿತಲ್ಲ ಎಂದು ಆಗ ಸಮಾಧಾನವನ್ನೂ ಪಟ್ಟಿದ್ದಳು.

ಮರುದಿನದಿಂದಲೇ ಡಿಪೋಗೆ ಓಡಾಟ ಶುರುವಾಯಿತು. ಮ್ಯಾನೇಜರು ಒಮ್ಮೆ ಚಾಲಕರಿಲ್ಲ ಎಂದ, ಒಮ್ಮೆ ಬಸ್ಸಿಲ್ಲ ಎಂದ, ಒಮ್ಮೆ ತಾನೇ ಇಲ್ಲ ಎಂದು ಹೇಳಿ ಕಳಿಸಿದ. ನರ್ಸುಗಳು ಬಂದರು, ಬಟ್ಟೆ ಅಂಗಡಿಯ ಸೇಲ್ಸ್ ಹೆಣ್ಣುಮಕ್ಕಳು ಬಂದರು, ಮೇಷ್ಟ್ರು ಕೊಡೆ ಹಿಡಿದು ಬಂದರು. ಎದುರು ಪಕ್ಷದ ವಾರ್ಡ್ ಅಧ್ಯಕ್ಷನ ತಂಗಿಯೂ ಬಂದಳು. ಅವಳೂ ಅದೇ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ತಿಂಗಳುಗಟ್ಟಲೆ ಜಗ್ಗಾಡಿದ ಮೇಲೆ ಬಸ್ಸು ಬಂತು. ಭಾನುವಾರ ಮಾತ್ರ ಇಲ್ಲ.

ಸುದ್ದಿ ತಿಳಿದು ಉಸ್ತುವಾರಿ ಫೋನ್ ಮಾಡಿದರು. ಅಭಿನಂದನೆ ಇರಬಹುದೆಂದು ಅವಳು ಸ್ಪೀಕರ್ ಹಾಕಿದಳು, ಗಂಡನಿಗೂ ಕೇಳಲಿ ಎಂದು.

"ಏನಮ್ಮಾ, ಅಷ್ಟು ದೊಡ್ಡ ಹೋರಾಟ ಮಾಡಿದ್ರಂತೆ, ಒಂದು ಬಾವುಟ ಇಲ್ಲ, ಬ್ಯಾನರ್ ಇಲ್ಲ, ನಾಯಕರ ಫೋಟೊ ಇಲ್ಲ! ಇದು ಯಾರ ಖಾತೆಗೆ ಹೋಗುತ್ತೆ?"

"ಬಸ್ ಹತ್ತೋರ ಖಾತೆಗೆ ಹೋಗುತ್ತೆ ಸರ್."

"ತಮಾಷೆ ಬೇಡ. ಎದುರು ಪಕ್ಷದೋರನ್ನ ಜೊತೆಗೆ ಕರ್ಕೊಂಡು ಹೋಗಿದ್ದೀರಂತೆ?"

"ಅಲ್ಲ ಸರ್, ಬಿಟ್ಟುಹೋದ ಮತದಾರರನ್ನ ವಾಪಸ್ ಕರೀರಿ ಅಂದ್ರಿ. ಅವರು ಈಗ ಎಲ್ಲಿರ್ತಾರೆ? ಎದುರು ಪಕ್ಷದಲ್ಲಲ್ವಾ?"

ಗಂಡ ಮೇಜಿನ ಮೇಲೆ ಬಗ್ಗಿ, ನಗು ಕಾಣದ ಹಾಗೆ ತಂತಿ ಸುತ್ತುತ್ತಿದ್ದ.

ಮುಂದಿನ ಚುನಾವಣೆ ಬಂತು. ಈ ಸಲ ಬೇರೆಯವರನ್ನು ನಿಲ್ಲಿಸಿ ಎಂದು ಅವಳು ಕಚೇರಿಗೆ ಹೋಗಿ ಬಾಯಿ ನೋಯುವಷ್ಟು ಹೇಳಿದಳು. ಟಿಕೆಟ್ ಮತ್ತೆ ಅದೇ ಪಕ್ಷಾಂತರಿಗೇ ಹೋಯಿತು. ಆವತ್ತು ಅವಳು ಮನೆಗೆ ಬಂದು, ಪಕ್ಷದ ಶಾಲನ್ನು ಉಂಡೆಮಾಡಿ ಮೂಲೆಗೆಸೆದು, ಗೋಡೆಗೆ ಮುಖ ಮಾಡಿ ಮಲಗಿದಳು.

"ಬಿಟ್ಬಿಡು" ಎಂದ ಗಂಡ.

"ಬಿಟ್ಟು? ಆ ಮನೆಹಾಳರ ಕೈಗೆ ಕೊಟ್ಟು ಹೋಗ್ಲಾ? ಪಕ್ಷ ಏನು ಅವರಪ್ಪಂದಾ?"

ಎರಡನೇ ದಿನ ಶಾಲು ಒಗೆದು ಒಣಹಾಕಿದಳು. ಪ್ರಚಾರಕ್ಕೆ ಹೋದಳು. ಗಂಡನ ಮೇಜಿನ ಮುಂದೆಯೂ ಕುರ್ಚಿ ಎಳೆದು ಕೂತು, ಅವನ ಅಂಗಡಿಯ ದೂರನ್ನು ಮೊದಲಿನಿಂದ ಕೊನೆಯವರೆಗೂ ಕೇಳಿದಳು. ಆ ಕಾನೂನು ತಪ್ಪೆಂದು ತಾನೇ ಪಕ್ಷದ ಸಭೆಯಲ್ಲಿ ಎದ್ದು ಹೇಳುವುದಾಗಿ ಮಾತು ಕೊಟ್ಟಳು, ಹೇಳಿಯೂ ಬಂದಳು. ವೋಟಿನ ದಿನ ಅವನು ಯಾರಿಗೆ ಹಾಕಿದ ಎಂದು ಮಾತ್ರ ಕೇಳಲಿಲ್ಲ. ಅವನೂ ಹೇಳಲಿಲ್ಲ.

ಪಕ್ಷ ಮತ್ತೆ ಸೋತಿತು. ಆದರೆ ಅವಳ ವಾರ್ಡಿನಲ್ಲಿ ಎಷ್ಟೋ ಕಾಲದ ಮೇಲೆ ಮುಂದಿತ್ತು. ಫಲಿತಾಂಶದ ಮರುದಿನ ನರ್ಸ್ ಗೇಟಿನ ಬಳಿ ನಿಂತು, "ಆಂಟಿ, ನಿಮ್ಮ ಮುಖ ನೋಡಿ ಹಾಕಿದೆ. ಆ ಮನುಷ್ಯನ ಹೆಸರಿನ ಮುಂದೆ ಒತ್ತುವಾಗ ಬೆರಳೇ ಮುಂದೆ ಹೋಗ್ತಿರಲಿಲ್ಲ" ಎಂದಳು. ಮೇಷ್ಟ್ರು ಬೂತಿಗೆ ಹೋಗಿದ್ದರು. ಯಾರೂ ಬೇಡ ಎಂಬ ಗುಂಡಿ ಒತ್ತಿ ಬಂದಿದ್ದರು.

ಮತ್ತೆ ಆತ್ಮಾವಲೋಕನ. ಅವಳ ವಾರ್ಡಿನ ಮುನ್ನಡೆಗೆ ಹೊಸ ಪ್ರಚಾರಗೀತೆ ಕಾರಣ ಎಂದು ಯುವ ಘಟಕದವರು ಹೇಳಿದಾಗ ಅವಳಿಗೆ ಪಿತ್ತ ನೆತ್ತಿಗೇರಿತು. ಸಭೆ ಮುಗಿದ ಮೇಲೆ ಉಸ್ತುವಾರಿ ಅವಳನ್ನು ಕರೆದು, "ನೀವು ಮಾಡಿದ್ದನ್ನ ಒಂದು ಪುಟ ಬರೆದು ಕೊಡಿ, ಮೇಲಕ್ಕೆ ಕಳಿಸ್ತೀನಿ" ಎಂದರು.

"ಬರೆಯೋದಿಲ್ಲ ಸರ್. ನೀವೇ ಬನ್ನಿ, ತೋರಿಸ್ತೀನಿ."

ಬರುವುದಿಲ್ಲವೆಂದೇ ಎಣಿಸಿದ್ದಳು. ಆದರೆ ಅವರು ಬಂದರು. ಕಾರನ್ನು ಬೀದಿಯ ತುದಿಯಲ್ಲೇ ಬಿಟ್ಟು, ಒಬ್ಬರೇ. ಪುಟ್ಟ ಬೇಕರಿ ಇಟ್ಟುಕೊಂಡಿದ್ದವನೊಬ್ಬನ ಮನೆಯಲ್ಲಿ ಕೂತರು. ಬೇಕರಿಯವನು ಪಕ್ಷವನ್ನು ಯಾಕೆ ಬಿಟ್ಟೆ ಎಂದು ಹೇಳತೊಡಗಿದ ಕೂಡಲೇ ಉಸ್ತುವಾರಿ, "ನೋಡಿ, ವಾಸ್ತವ ಏನಂದ್ರೆ..." ಎಂದು ಬಾಯಿ ತೆರೆದರು. ಕಂಡಕ್ಟರಮ್ಮ ಅವರ ಪಾದದ ಮೇಲೆ ಕಾಲಿಟ್ಟು ಒತ್ತಿದಳು. ಅವರು ಬಾಯಿ ಮುಚ್ಚಿದರು. ಬೇಕರಿಯವನಿಗೆ ಹೇಳುವುದು ಬಹಳವಿತ್ತು.

ಹೊರಗೆ ಬಂದಾಗ ಉಸ್ತುವಾರಿಯ ಅಂಗಿ ಬೆನ್ನಿಗೆ ಅಂಟಿತ್ತು. ಮೂಲೆಯ ಕಾಂಪೌಂಡಿಗೆ ಒರಗಿ ಮುಖ ಒರೆಸಿಕೊಂಡರು.

"ಆ ಮನುಷ್ಯನಿಗೆ ಟಿಕೆಟ್ ಬೇಡ ಅಂತ ನಾನೂ ಹೇಳಿದ್ದೆ ಕಣಮ್ಮಾ" ಎಂದರು. "ನನ್ನ ಮಾತನ್ನ ಮೇಲೆ ಯಾರು ಕೇಳ್ತಾರೆ?"

ಕಂಡಕ್ಟರಮ್ಮನಿಗೆ ಅವರ ಮೇಲೆ ಮೊದಲ ಸಲ ಕನಿಕರ ಬಂತು; ಅದರ ಬೆನ್ನಿಗೇ ಸಿಟ್ಟೂ ಬಂತು.

"ಹಾಗಾದ್ರೆ ಅದನ್ನ ಆತ್ಮಾವಲೋಕನದ ಸಭೇಲೇ ಹೇಳೋದಕ್ಕೇನಾಗಿತ್ತು ಸರ್ ನಿಮಗೆ?" ಎಂದಳು. ಎದುರು ಸಾಲಿನ ಮೊದಲ ಮನೆಯ ಕರೆಗಂಟೆ ಒತ್ತಿ, ತಿರುಗಿ ನೋಡಿದಳು. "ಬನ್ನಿ, ಬನ್ನಿ. ಇಲ್ಲಿರೋರು ಆ ಬೇಕರಿಯೋನಿಗಿಂತ ಜೋರು."